ತಪ್ಪು ಉತ್ತರದ ಹಿಂದಿನ ಲೆಕ್ಕ

ಕಾಲೇಜಿಗೆ ಸೇರಿದವರ ಗಣಿತದ ಮಟ್ಟ ಅಳೆಯುವ ಪರೀಕ್ಷೆಯ ಫಲಿತಾಂಶ ನಮ್ಮ ಕೈಗೆ ಬರುವಾಗ ಅದರಲ್ಲಿ ವಿದ್ಯಾರ್ಥಿಯ ಹೆಸರು, ಹೆಸರಿನ ಮುಂದೆ ಒಂದು ಅಂಕಿ, ಇಷ್ಟೇ ಇರುತ್ತದೆ. ಅಂಕಿ ಗೆರೆಗಿಂತ ಮೇಲಿದ್ದವರು ನೇರವಾಗಿ ಪದವಿಯ ಗಣಿತಕ್ಕೋ ಸಂಖ್ಯಾಶಾಸ್ತ್ರಕ್ಕೋ ಹೋಗುತ್ತಾರೆ. ಕೆಳಗಿದ್ದವರು ಪರಿಹಾರ ಬೋಧನೆಗೆ, ಅಂದರೆ ನನ್ನ ತರಗತಿಗೆ ಬರುತ್ತಾರೆ. ಯಾರಿಗೆ ಏನು ಗೊತ್ತಿದೆ, ಯಾರು ಎಲ್ಲಿ ಎಡವಿದ್ದಾರೆ ಎಂಬ ಒಂದು ಮಾತೂ ಆ ಪಟ್ಟಿಯಲ್ಲಿ ಇರುವುದಿಲ್ಲ.

ಈ ಸಲ ನಾನು ಕಚೇರಿಗೆ ಹೋಗಿ ಉತ್ತರಪತ್ರಿಕೆಗಳನ್ನೇ ಕೇಳಿ ಪಡೆದುಕೊಂಡೆ. ಪ್ರಶ್ನೆಗಳು ಬಹು ಆಯ್ಕೆಯವಾದರೂ ಅಂಚಿನಲ್ಲಿ ವಿದ್ಯಾರ್ಥಿಗಳು ಮಾಡಿದ ಕಚ್ಚಾ ಲೆಕ್ಕ ಉಳಿದಿರುತ್ತದೆ. ಮೌಲ್ಯಮಾಪಕರು ಅದನ್ನು ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ನನಗೆ ಬೇಕಾಗಿದ್ದದ್ದು ಮಾತ್ರ ಅದೇ. ಪಾಠ ಶುರು ಮಾಡುವ ಬದಲು, ಎಲ್ಲರಿಗೂ ಒಂದಿಷ್ಟು ಕೆಲಸ ಕೊಟ್ಟು, ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು ಅವರವರ ಹಾಳೆ ಮುಂದಿಟ್ಟು ಕೇಳಿದೆ: "ಇದನ್ನು ಹೇಗೆ ಮಾಡಿದೆ, ಹೇಳು."

ಹಿಂದಿನ ಬೆಂಚಿನ ಒಬ್ಬಳು ಹುಡುಗಿ 1/2 ಮತ್ತು 1/3 ಕೂಡಿ 2/5 ಎಂದು ಬರೆದಿದ್ದಳು. ಮೇಲಿನ ಅಂಕಿಗಳನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿದ್ದಾಳೆ. ಗಣಿತ ಕಲಿಸುವವರೆಲ್ಲ ಈ ಉತ್ತರವನ್ನು ಸಾವಿರ ಸಲ ಕಂಡಿರುತ್ತಾರೆ, ಕಂಡ ಕೂಡಲೇ ಅಡ್ಡಗೆರೆ ಎಳೆದು ಲ.ಸಾ.ಅ. ತೆಗೆಯುವ ಕ್ರಮವನ್ನು ಹೇಳಿಕೊಡುತ್ತಾರೆ. ಅವಳು ಮೊದಲು ಬಾಯಿ ಬಿಡಲಿಲ್ಲ. ತಪ್ಪಾಗಿದೆ ಎಂದು ಗೊತ್ತು, ಸರಿ ಯಾವುದೆಂದು ಗೊತ್ತಿಲ್ಲ ಎಂಬ ಮುಖ. "ತಪ್ಪೋ ಸರಿಯೋ ಆಮೇಲೆ ನೋಡೋಣ. ಹೀಗೆ ಮಾಡಬೇಕು ಎಂದು ಏಕೆ ಅನ್ನಿಸಿತು?" ಎಂದೆ.

"ಮೇಡಂ, ಒಂದು ಭಾಗದಲ್ಲಿ ಎರಡು ಪ್ರಶ್ನೆ, ಒಂದು ಸರಿ. ಇನ್ನೊಂದು ಭಾಗದಲ್ಲಿ ಮೂರು ಪ್ರಶ್ನೆ, ಒಂದು ಸರಿ. ಒಟ್ಟು ಐದರಲ್ಲಿ ಎರಡು ಬಂತಲ್ಲ?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಎರಡರಲ್ಲಿ ಒಂದು, ಮೂರರಲ್ಲಿ ಒಂದು ಸೇರಿದರೆ ಐದರಲ್ಲಿ ಎರಡೇ ಆಗುತ್ತದೆ. ಅಂಕಪಟ್ಟಿಗಳನ್ನು ನಾವೆಲ್ಲ ಕೂಡುವುದು ಹಾಗೆಯೇ. ಆದರೆ ಅಲ್ಲಿ 1/2 ಎಂದರೆ ಎರಡು ಪ್ರಶ್ನೆಗಳ ಅರ್ಧ, 1/3 ಎಂದರೆ ಮೂರು ಪ್ರಶ್ನೆಗಳ ಮೂರನೇ ಒಂದು. ಎರಡರ ಪೂರ್ಣವೂ ಬೇರೆ ಬೇರೆ. ಪರೀಕ್ಷೆ ಕೇಳಿದ್ದು ಒಂದೇ ಪೂರ್ಣದ ಅರ್ಧಕ್ಕೆ ಅದೇ ಪೂರ್ಣದ ಮೂರನೇ ಒಂದನ್ನು ಸೇರಿಸಿದರೆ ಎಷ್ಟು ಎಂದು. ಅವಳು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದಳು. ಇದನ್ನು ಅಜ್ಞಾನ ಎಂದು ಕರೆಯಲು ನನ್ನಿಂದಾಗದು.

ಒಂದು ಉದ್ದನೆಯ ಗೆರೆ ಎಳೆದು, ಸೊನ್ನೆ ಮತ್ತು ಒಂದು ಗುರುತಿಸಿ, 1/2 ಎಲ್ಲಿ ಬರುತ್ತದೆ, ನಿನ್ನ 2/5 ಎಲ್ಲಿ ಬರುತ್ತದೆ ತೋರಿಸು ಎಂದೆ. ಅರ್ಧಕ್ಕೆ ಚುಕ್ಕೆ ಇಟ್ಟಳು. 2/5ಕ್ಕೆ ಚುಕ್ಕೆ ಇಡಲು ಹೋದ ಪೆನ್ಸಿಲ್ ಅರ್ಧದ ಎಡಕ್ಕೆ ಬಂದು ನಿಂತಿತು. "ಕೂಡಿದ ಮೇಲೆ ಕಡಿಮೆ ಆಯಿತು!" ಎಂದಳು. ನಾನೇನೂ ಹೇಳಬೇಕಾಗಲಿಲ್ಲ. ಗೆರೆಯನ್ನು ಆರು ಭಾಗ ಮಾಡಿದರೆ ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು, ಒಟ್ಟು 5/6 ಎನ್ನುವಲ್ಲಿಗೆ ಅವಳೇ ನಡೆದು ಹೋದಳು.

ತಪ್ಪಿನ ಹಿಂದೆ ಒಂದು ತರ್ಕವಿರುತ್ತದೆ ಎಂಬುದು ಹೊಸ ಕಾಣ್ಕೆಯಲ್ಲ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯವು 1970ರಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದಾಗ, ಕಾಲೇಜಿನ ಬರವಣಿಗೆಗೆ ಸಿದ್ಧರಾಗಿರದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದರು. ಅಲ್ಲಿ ಪಾಠ ಮಾಡುತ್ತಿದ್ದ ಮಿನಾ ಶಾನೆಸ್ಸಿ ಅವರು ಸುಮಾರು 4,000 ಪರೀಕ್ಷಾ ಪ್ರಬಂಧಗಳನ್ನು ಓದಿ, ಆ ತಪ್ಪುಗಳು ಕಂಡಕಂಡಂತೆ ಆದವಲ್ಲ, ಅವುಗಳಿಗೆ ಒಂದು ಕ್ರಮವಿದೆ, ಕಾರಣವಿದೆ ಎಂದು 1977ರಲ್ಲಿ ತೋರಿಸಿಕೊಟ್ಟರು. ಬರೆಯಲು ಬಾರದವರು ಎಂದು ಬದಿಗೆ ತಳ್ಳಲ್ಪಟ್ಟವರ ಹಾಳೆಗಳನ್ನು ಒಬ್ಬರು ಅಷ್ಟು ಗೌರವದಿಂದ ಓದಿದರಲ್ಲ, ಆ ಗೌರವವೇ ಈ ಕೆಲಸದ ಮೊದಲ ಅರ್ಹತೆ ಎಂದು ನಾನು ನಂಬಿದ್ದೇನೆ.

ಮೇಜಿನ ಬಳಿಗೆ ಬಂದವರಲ್ಲಿ ಇನ್ನೊಬ್ಬ ಹುಡುಗ (3+4)² ಎಂದರೆ 9+16 ಎಂದು ಬರೆದಿದ್ದ. ಆವರಣದೊಳಗೆ ಮೊದಲು ಕೂಡಿ ನೋಡು ಎಂದರೆ 49 ತಂದ. 25 ಎಲ್ಲಿ, 49 ಎಲ್ಲಿ! ಏಳು ಮನೆ ಉದ್ದ, ಏಳು ಮನೆ ಅಗಲದ ಚೌಕ ಬರೆಸಿ ಬದಿಗಳನ್ನು ಮೂರು ಮತ್ತು ನಾಲ್ಕಾಗಿ ಒಡೆಸಿದಾಗ, ಕಳೆದುಹೋದ 24 ಮನೆಗಳು ಎರಡು ಆಯತಗಳಾಗಿ ಅವನ ಕಣ್ಣೆದುರೇ ಸಿಕ್ಕವು. (a+b)² = a² + 2ab + b² ಎಂಬ ಸೂತ್ರ ಬಾಯಿಪಾಠ ಬರುತ್ತಿತ್ತು ಅವನಿಗೆ. ಅದರ ನಡುವೆ ಬರುವ 2ab ಎಂಬ ಪದ ಯಾವುದರ ವಿಸ್ತೀರ್ಣ ಎಂದು ಯಾರೂ ತೋರಿಸಿರಲಿಲ್ಲ.

ತರಗತಿಯ ಉಳಿದ ಹೊತ್ತಿಗೆ ನಾನು ಇಟ್ಟುಕೊಂಡಿದ್ದದ್ದು ಸುಲಭದ ಅಭ್ಯಾಸವಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಅವರು, ಕಲನಶಾಸ್ತ್ರದಲ್ಲಿ (ಕ್ಯಾಲ್ಕುಲಸ್) ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ಹತ್ತಿರದಿಂದ ಗಮನಿಸಿದರು. ಅವರಿಗೆ ಆಸಕ್ತಿ ಇಲ್ಲ, ಮನೆಯವರ ಬೆಂಬಲ ಇಲ್ಲ ಎಂಬ ಅಧ್ಯಾಪಕರ ಊಹೆಗಳು ನಿಲ್ಲಲಿಲ್ಲ. ಆ ವಿದ್ಯಾರ್ಥಿಗಳು ಬಹುಪಾಲು ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಿನಲ್ಲಿ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಹೂಡಿದ ಗುಂಪು ಅಭ್ಯಾಸದಲ್ಲಿ ಕೊಟ್ಟದ್ದು ಕಷ್ಟದ ಲೆಕ್ಕಗಳನ್ನು. ದುರ್ಬಲರೆಂದು ಹೆಸರಿಟ್ಟು ಸಪ್ಪೆ ಲೆಕ್ಕ ಕೊಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂದು ನನಗೂ ಅನ್ನಿಸುತ್ತದೆ.

ಹುಡುಗಿಯ 2/5ನ್ನೇ ಬೋರ್ಡಿನ ಮೇಲೆ ಬರೆದೆ. ಪ್ರಾಚೀನ ಈಜಿಪ್ಟಿನವರು ಭಿನ್ನರಾಶಿಗಳನ್ನು ಸಾಮಾನ್ಯವಾಗಿ ಮೇಲೆ 1 ಎಂಬ ಅಂಕಿಯೇ ಇರುವ, ಒಂದರಂತೆ ಇನ್ನೊಂದಿಲ್ಲದ ಭಿನ್ನರಾಶಿಗಳ ಮೊತ್ತವಾಗಿ ಬರೆಯುತ್ತಿದ್ದರು, ಸುಮಾರು ಕ್ರಿ.ಪೂ. 1550ರ ಒಂದು ಪಪೈರಸ್ ಸುರುಳಿಯಲ್ಲಿ 2/5 ಕೂಡ ಇದೆ. ಎರಡೇ ಭಾಗಗಳಲ್ಲಿ ಬರೆಯಿರಿ, ನಾಲ್ಕು ನಾಲ್ಕು ಜನ ಸೇರಿ ಹುಡುಕಿ ಎಂದೆ. ಮೊದಲು ಗದ್ದಲ. ಒಂದು ಗುಂಪು 1/2ರಿಂದ ಶುರು ಮಾಡಿತು. "ಅದು ಆಗಲೇ 2/5ಕ್ಕಿಂತ ದೊಡ್ಡದು," ಎಂದು ತಡೆದವಳು ಅದೇ ಹುಡುಗಿ. ಇನ್ನೊಂದು ಗುಂಪು 1/4 ಹಿಡಿದು, ಉಳಿದದ್ದು 3/20 ಎಂದು ಕಂಡು ಕೈಬಿಟ್ಟಿತು. 1/3 ಕಳೆದವರಿಗೆ 6/15ರಿಂದ 5/15 ಹೋಗಿ 1/15 ಸಿಕ್ಕಿತು. ಸುರುಳಿಯಲ್ಲಿರುವುದೂ ಅದೇ ಉತ್ತರ.

ಬೇರೆ ಉತ್ತರ ಇದೆಯೇ ಎಂದು ಕೇಳಿದವರು ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ವಿದ್ಯಾರ್ಥಿ. ರಾತ್ರಿ ಪಾಳಿಯ ಕೆಲಸ ಮುಗಿಸಿ ಬರುತ್ತಾರೆ, ಶಾಲೆ ಬಿಟ್ಟು ಬಹಳ ವರ್ಷಗಳಾಗಿವೆ. ಅವರೇ ಯೋಚಿಸುತ್ತಾ ಹೇಳಿದರು: ಎರಡೂ ಭಾಗಗಳು 1/5ರಷ್ಟೇ ಇದ್ದರೆ ಒಂದೇ ಥರ ಆಗುತ್ತವೆ, ಎರಡೂ ಅದಕ್ಕಿಂತ ಚಿಕ್ಕವಾದರೆ ಮೊತ್ತ ಸಾಲದು, ಹಾಗಾಗಿ ಒಂದು ಭಾಗ 1/5ಕ್ಕಿಂತ ದೊಡ್ಡದಿರಲೇಬೇಕು, 1/2 ಹೆಚ್ಚಾಯಿತು, 1/4 ಹೊಂದಲಿಲ್ಲ, ಉಳಿದದ್ದು 1/3 ಒಂದೇ. ಬೇರೆ ಉತ್ತರವಿಲ್ಲ ಎಂಬುದಕ್ಕೆ ಇದು ಪೂರ್ತಿ ಸಾಧನೆ, ಅಂದರೆ ಪುರಾವೆ. ಗಣಿತ ಬಾರದು ಎಂದು ಮುದ್ರೆ ಬಿದ್ದ ಮನುಷ್ಯ ಗಣಿತಜ್ಞರು ಮಾಡುವ ಕೆಲಸವನ್ನೇ ಮಾಡಿದ್ದರು. ನಾನು ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳಿದೆ.

ಗಂಟೆ ಹೊಡೆದ ಮೇಲೆ ಅವರು ನನ್ನ ಬಳಿ ಬಂದರು. "ಮೇಡಂ, ಈ ತರಗತಿಯ ಕ್ರೆಡಿಟ್ ಪದವಿಗೆ ಸೇರುತ್ತದೆಯೇ?"

"ಇಲ್ಲ."

"ಇದಾದ ಮೇಲೆ ಇನ್ನೊಂದು ಹಂತ ಇದೆಯಂತೆ."

ಅವರು ಪಾಸಾಗಬೇಕಿರುವ ಮುಖ್ಯ ವಿಷಯ ಸಂಖ್ಯಾಶಾಸ್ತ್ರ. ಅಲ್ಲಿಗೆ ತಲುಪುವ ಮೊದಲೇ ಶುಲ್ಕ ಕಟ್ಟಿ, ನಿದ್ದೆಗೆಟ್ಟು, ಕ್ರೆಡಿಟ್ ಇಲ್ಲದ ಎರಡು ಅವಧಿಗಳನ್ನು ಅವರು ದಾಟಬೇಕು. "ನಿಮ್ಮನ್ನು ನೇರವಾಗಿ ಮುಖ್ಯ ತರಗತಿಗೆ ಸೇರಿಸಲು ಕೇಳುತ್ತೇನೆ," ಎಂದೆ.

ಅಧ್ಯಾಪಕರ ಕೊಠಡಿಯಲ್ಲಿ ಇದನ್ನೆತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಅಡಿಪಾಯ ಭದ್ರವಾಗದೆ ಗೋಡೆ ಏಳುವುದಿಲ್ಲ ಎಂದರು. ಅವರ ಕಾಳಜಿ ನಿಜವಾದದ್ದು. ಭಾಗಾಕಾರವೇ ಬಾರದವರನ್ನು ಮುಖ್ಯ ತರಗತಿಗೆ ತಳ್ಳಿ ಕೈತೊಳೆದುಕೊಂಡರೆ ಅವರು ಮುಳುಗುತ್ತಾರೆ. ಆದರೆ ಹಂತಗಳ ಲೆಕ್ಕವನ್ನೂ ನೋಡಬೇಕಲ್ಲ. ಎರಡು ಪರಿಹಾರ ಹಂತ, ಆಮೇಲೆ ಮುಖ್ಯ ತರಗತಿ. ಒಂದೊಂದರಲ್ಲೂ ನೂರಕ್ಕೆ 70 ಜನ ಪಾಸಾಗುತ್ತಾರೆ ಎಂದಿಟ್ಟುಕೊಳ್ಳೋಣ. ನೂರು ಜನ 70 ಆಗಿ, 49 ಆಗಿ, ಕೊನೆಗೆ ಉಳಿಯುವುದು 34. ಪಾಸಾಗಿಯೂ ಕೆಲಸ, ಮನೆ, ಹಣ ಎಂದು ಮುಂದಿನ ಹಂತಕ್ಕೆ ಸೇರದವರನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಪ್ರತಿ ಹಂತವೂ ಚೆನ್ನಾಗಿಯೇ ನಡೆದು, ಒಟ್ಟು ವ್ಯವಸ್ಥೆ ಮಾತ್ರ ಜನರನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ದಾರಿಯನ್ನು ಬೇರೆಯವರು ನಡೆದು ನೋಡಿದ್ದಾರೆ. ಅಮೆರಿಕದ ಬಾಲ್ಟಿಮೋರ್ ಕೌಂಟಿಯ ಸಮುದಾಯ ಕಾಲೇಜು (ಸ್ಥಳೀಯರಿಗೆ ಎರಡು ವರ್ಷದ ಶಿಕ್ಷಣ ಕೊಡುವ ಸಾರ್ವಜನಿಕ ಕಾಲೇಜು) 2007ರಲ್ಲಿ ಬರವಣಿಗೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳನ್ನು ಮುಖ್ಯ ತರಗತಿಯಲ್ಲೇ ಕೂರಿಸಿ, ಅದೇ ಅಧ್ಯಾಪಕರಿಂದ ಹೆಚ್ಚುವರಿ ತರಗತಿಯನ್ನೂ ಕೊಡಿಸಿತು. ಟೆನೆಸ್ಸಿಯ ಸಮುದಾಯ ಕಾಲೇಜುಗಳು 2015ರಲ್ಲಿ ಇದೇ ಬಗೆಯ ಜೋಡಿ ತರಗತಿಗಳಿಗೆ ಬದಲಾದವು. ಕ್ಯಾಲಿಫೋರ್ನಿಯಾದ 2017ರ ಕಾಯ್ದೆ, ಹೈಸ್ಕೂಲಿನ ಅಂಕಗಳನ್ನು ಪರಿಗಣಿಸಬೇಕು, ಮುಖ್ಯ ತರಗತಿಯಲ್ಲಿ ಯಶಸ್ಸಿನ ಸಾಧ್ಯತೆ ತೀರಾ ಕಡಿಮೆ ಎಂದು ಕಾಣದಿದ್ದರೆ ವಿದ್ಯಾರ್ಥಿಯನ್ನು ಪರಿಹಾರ ಬೋಧನೆಗೆ ಕಡ್ಡಾಯವಾಗಿ ಕಳುಹಿಸುವಂತಿಲ್ಲ ಎಂದು ಸಮುದಾಯ ಕಾಲೇಜುಗಳಿಗೆ ಹೇಳಿತು. ಹೆಚ್ಚುವರಿ ತಾಸುಗಳನ್ನು ಉಳಿಸಿಕೊಂಡು ಕಾಯುವಿಕೆಯನ್ನು ತೆಗೆಯುವುದು ಇದರ ಸಾರ. ನನಗೆ ಬೇಕಾಗಿರುವುದೂ ಇದೇ, ಎರಡೂ ಒಟ್ಟಿಗೆ. ಸಹಾಯವನ್ನು ಕಿತ್ತುಹಾಕಿ ಸುಧಾರಣೆ ಎನ್ನುವವರ ಜೊತೆ ನಾನಿಲ್ಲ.

ವಿಭಾಗದ ಮುಖ್ಯಸ್ಥರಿಗೆ ಕೊಟ್ಟ ಮನವಿಯ ಜೊತೆ ಆ ದಿನದ ಹಾಳೆಗಳನ್ನೂ ಇಟ್ಟೆ: ಗೆರೆಯ ಮೇಲಿನ ಚುಕ್ಕೆಗಳು, ಏಳು ಮನೆಯ ಚೌಕ, 2/5ರ ಸಾಧನೆ. ಅವರು ಮೊದಲು ಓದಿದ್ದು ಆ ಹಾಳೆಗಳನ್ನು. ಇಂಥ ಒಂದು ಜೋಡಿ ತರಗತಿಗೆ ಒಪ್ಪಿಗೆ ಸಿಕ್ಕಿದೆ. ಹುಡುಗಿ, ಚೌಕದ ಹುಡುಗ, ಆ ಹಿರಿಯರು, ಅವರ ಗುಂಪುಗಳವರು ಈಗ ಸಂಖ್ಯಾಶಾಸ್ತ್ರದ ಮುಖ್ಯ ತರಗತಿಯಲ್ಲಿ ಕುಳಿತಿದ್ದಾರೆ. ಅದು ಮುಗಿದ ಕೂಡಲೇ ಪಕ್ಕದ ಕೊಠಡಿಯಲ್ಲಿ ನನ್ನ ಜೊತೆ ಒಂದು ತಾಸು. ಮುಂದಿನ ವಾರ ಅಲ್ಲಿ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ, ಶುರುವಾಗುತ್ತದೆ. ಸರಾಸರಿಗಿಂತ ಕೆಳಗಿನ ವಿಚಲನೆಗಳು ಋಣ ಸಂಖ್ಯೆಗಳಾಗುತ್ತವೆ, ಅವನ್ನು ವರ್ಗ ಮಾಡಬೇಕು. ಆವರಣ ಹಾಕದೆ ಒತ್ತಿದರೆ ಅನೇಕ ಕ್ಯಾಲ್ಕ್ಯುಲೇಟರುಗಳು −3ರ ವರ್ಗವನ್ನು −9 ಎಂದೇ ತೋರಿಸುತ್ತವೆ. ಆ −9 ಎಲ್ಲಿಂದ ಬಂತು ಎನ್ನುವುದನ್ನೇ ನಮ್ಮ ತಾಸಿನ ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡಿದ್ದೇನೆ.