ಸನ್‌ಸ್ಕ್ರೀನ್ ಹಚ್ಚಿದೆ, ಕಿವಿ ಮರೆತೆ

ಬೆಳಿಗ್ಗೆ ಬಾಟಲಿ ತುಂಬಿಸಿ ಮೇಜಿನ ಮೇಲೆ ಇಡುತ್ತೇನೆ, ಸಂಜೆ ನೋಡಿದರೆ ಅರ್ಧವೂ ಖಾಲಿಯಾಗಿರುವುದಿಲ್ಲ. ಬೇಸಿಗೆಯಲ್ಲಿ ನನ್ನ ಕಥೆ ಇದೇ. ಬಾಯಾರಿಕೆ ಆದಾಗ ಕುಡಿದರಾಯ್ತು ಅಂತ ಕೂತರೆ, ಕೆಲಸದ ಗಡಿಬಿಡಿಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಸಿಡಿಯಲು ಶುರು. ಈಗ ಲೀಟರ್ ಲೆಕ್ಕ ಬಿಟ್ಟು ಮೂತ್ರದ ಬಣ್ಣ ನೋಡುತ್ತೇನೆ. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಕಡಿಮೆಯಾಗಿದೆ ಅಂತ. ಗಂಟೆಗಟ್ಟಲೆ ಬೆವರಿದ್ದರೆ ಉಪ್ಪೂ ಹೋಗಿರುತ್ತದೆ, ಆಗ ಬರೀ ನೀರು ಸಾಲದು.

ಜಾಸ್ತಿ ನೀರು ಕುಡಿದರೆ ಮುಖ ಫಳಫಳ ಹೊಳೆಯುತ್ತೆ ಅನ್ನೋದನ್ನ ಮಾತ್ರ ನಾನು ನಂಬುವುದಿಲ್ಲ. ಒಣಗಿದ ಚರ್ಮಕ್ಕೆ ಹೊರಗಿನಿಂದಲೇ ಹಚ್ಚಬೇಕು, ಅದೂ ಸ್ನಾನ ಆದ ತಕ್ಷಣ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ನಾನು ಏಟು ತಿಂದು ಕಲಿತವನು. ಒಮ್ಮೆ ಮುಖಕ್ಕೆಲ್ಲ ಚೆನ್ನಾಗಿ ಬಳಿದುಕೊಂಡು ಇಡೀ ದಿನ ಬಿಸಿಲಲ್ಲಿ ತಿರುಗಿದೆ. ಮುಖಕ್ಕೇನೂ ಆಗಲಿಲ್ಲ, ಆದರೆ ಎರಡೂ ಕಿವಿಯ ತುದಿ ಕೆಂಪಗೆ ಸುಟ್ಟು, ನಾಲ್ಕು ದಿನ ಆದಮೇಲೆ ಈರುಳ್ಳಿ ಸಿಪ್ಪೆ ಹಾಗೆ ಸುಲಿಯಿತು, ದಿಂಬಿಗೆ ತಾಗಿದರೆ ಉರಿ ಉರಿ. ಎಸ್‌ಪಿಎಫ್ (ಸನ್‌ಸ್ಕ್ರೀನ್ ಮೇಲೆ ಬರೆದಿರುವ ರಕ್ಷಣೆಯ ಅಳತೆ) 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು 97% ತಡೆಯುತ್ತದೆ, 50 ಇದ್ದರೆ 98%. ಅಷ್ಟೇ ವ್ಯತ್ಯಾಸ! ಸುಮ್ನೆ ದೊಡ್ಡ ನಂಬರ್ ಹುಡುಕುವ ಬದಲು ಧಾರಾಳವಾಗಿ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಬಿಡಬೇಡಿ. ಕಿವಿಯನ್ನಂತೂ ಬಿಡಲೇಬೇಡಿ.