ಸೆಮಿನಾರ್ ದಿನ ಕೈಕಾಲು ನಡುಗಿದರೆ

ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎಸ್ಸಿ.ಗೆ ಬಂದವರಿಗೆ ಮೊದಲ ಸೆಮಿನಾರ್ ಅಂದರೆ ಎದೆ ಢವಢವ. ವಿಷಯ ಗೊತ್ತಿಲ್ಲದ್ದಕ್ಕಲ್ಲ, ಮೊದಲ ವಾಕ್ಯ ಬಾಯಿಗೆ ಬಾರದ್ದಕ್ಕೆ.

ಹೆಚ್ಚಿನವರು ಇಡೀ ಇಂಗ್ಲಿಷ್ ಭಾಷಣವನ್ನು ಉರು ಹೊಡೆಯುತ್ತಾರೆ. ನಡುವೆ ಒಂದು ಪದ ಜಾರಿದರೆ ಮುಂದಿನದೆಲ್ಲ ಕೊಚ್ಚಿಹೋಯಿತು. ನೆನಪು ಅರ್ಥಕ್ಕಲ್ಲ, ಪದಗಳ ಸಾಲಿಗೆ ಜೋತುಬಿದ್ದಿರುತ್ತದಲ್ಲ! ಬಾಯಿಪಾಠ ಬೇಕಿರುವುದು ಮೊದಲ ಎರಡು ವಾಕ್ಯ, ಕೊನೆಯ ಒಂದು, ಅಷ್ಟೇ. ನಡುವಿನದಕ್ಕೆ ಅಂಗೈಯಗಲದ ದಪ್ಪ ರಟ್ಟಿನ ಮೇಲೆ ಐದಾರು ಪದ ಸಾಕು. ಎ4 ಹಾಳೆ ಹಿಡಿಯಬೇಡಿ, ಕೈಯ ಸಣ್ಣ ನಡುಕವನ್ನೂ ಅದು ಹಿಂದಿನ ಬೆಂಚಿನ ತನಕ ತೋರಿಸುತ್ತದೆ.

ಮೊದಲು ಇಡೀ ವಿಷಯವನ್ನು ರೂಮ್‌ಮೇಟ್‌ಗೆ ಕನ್ನಡದಲ್ಲೇ ಹೇಳಿ. ಅಲ್ಲೂ ತಡವರಿಸಿದರೆ ಕೊರತೆ ಇಂಗ್ಲಿಷಿನದ್ದಲ್ಲ, ವಿಷಯವೇ ಇನ್ನೂ ತಲೆಗೆ ಹೋಗಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ, ಎದ್ದು ನಿಂತು, ಮೊಬೈಲಿನಲ್ಲಿ ಟೈಮರ್ ಇಟ್ಟು, ಗಟ್ಟಿಯಾಗಿ ಮೂರು ಸಲ. ಕೂತು ಮನಸ್ಸಿನಲ್ಲೇ ಓದಿಕೊಂಡದ್ದು ಲೆಕ್ಕಕ್ಕಿಲ್ಲ. 10 ನಿಮಿಷದ ಸೆಮಿನಾರಿಗೆ 8 ನಿಮಿಷದ ಸರಕು ಇರಲಿ.

ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ‘ನೋಡ್ಕೊಂಡು ನಾಳೆ ಹೇಳ್ತೀನಿ ಸರ್’ ಅನ್ನಿ. ಮರುದಿನ ಹೋಗಿ ನಿಜಕ್ಕೂ ಹೇಳಿ (ಇದನ್ನು ಮಾಡುವವರು ಬಲು ಕಡಿಮೆ).