ಹಳೇ ವಿಟೆಕ್‌ಗೆ ಹೊಸ ಟೈಮಿಂಗ್ ಬೆಲ್ಟ್

ಹಳೇ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರು ಮಾತು ಶುರು ಮಾಡುವುದೇ ಎಂಜಿನ್‌ನಿಂದ. ನಾನೂ ಅಷ್ಟೇ. 1,493 ಸಿಸಿ, 16 ವಾಲ್ವ್, ನೂರಕ್ಕೂ ಜಾಸ್ತಿ ಬಿಎಚ್‌ಪಿ. ಸ್ಪೋರ್ಟ್ಸ್ ಕಾರು ಅಂತ ಅದನ್ನು ಯಾರೂ ಮಾರಲಿಲ್ಲ, ಆದರೆ ಆ ಕಾಲಕ್ಕೆ ನಮ್ಮಂಥವರ ಕೈಗೆ ಸಿಕ್ಕ ಸ್ಪೋರ್ಟ್ಸ್ ಕಾರು ಅದೇ. ನನ್ನದು 2002ರ ಗಾಡಿ. ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ದಂಡವನ್ನು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ಜೊತೆ ಒಂದೇ ತಾಳಕ್ಕೆ ತಿರುಗಿಸುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಯಾವಾಗ ಹಾಕಿಸಿದ್ದು ಎಂದು ಹಳೇ ಮಾಲೀಕರಿಗೂ ನೆನಪಿರಲಿಲ್ಲ.

ಇದು ಸುಮ್ನೆ ಬಿಡುವ ವಿಷಯ ಅಲ್ಲ. ಓಡುವಾಗ ಬೆಲ್ಟ್ ಕಿತ್ತುಹೋದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಮೇಲೆ ಬರುತ್ತಲೇ ಇರುತ್ತದೆ. ತೆರೆದುಕೊಂಡಿದ್ದ ವಾಲ್ವ್‌ಗೆ ಬಡಿದು ಬಾಗಿಸುತ್ತದೆ. ಆಮೇಲೆ ವಾಲ್ವ್‌ಗಳು ಕೂತಿರುವ ಎಂಜಿನ್ ಮೇಲ್ಭಾಗ, ಅಂದರೆ ಹೆಡ್, ಇಳಿಸಲೇಬೇಕು. ಕಿಲೋಮೀಟರ್ ಕಮ್ಮಿ ಓಡಿದೆ ಅಂತ ನೆಮ್ಮದಿಯಾಗಿ ಇರುವ ಹಾಗಿಲ್ಲ, ನಿಂತ ಗಾಡಿಯಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನು ಹುಡುಕಿ ತಂದೆ. ಬೆಲ್ಟ್, ಅದನ್ನು ಬಿಗಿಯಾಗಿ ಇಡುವ ಟೆನ್ಷನರ್, ಕೂಲೆಂಟ್ ಹರಿಸುವ ವಾಟರ್ ಪಂಪ್, ಆಯಿಲ್ ಸೋರದಂತೆ ತಡೆಯುವ ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್. ತುಮಕೂರಿನಲ್ಲಿ ಅಂತರಸನಹಳ್ಳಿ ಕಡೆ ಒಬ್ಬ ಮೇಸ್ತ್ರಿ ಇದ್ದಾರೆ. ಈ ಎಂಜಿನ್‌ನಲ್ಲಿ ಅವರ ಕೈ ಪಳಗಿದೆ.

"ಬೆಲ್ಟ್ ಒಂದು ಹಾಕ್ಬಿಡೋಣ ಸಾರ್. ಪಂಪ್ ಸೋರ್ತಿಲ್ವಲ್ಲ, ಯಾಕೆ ಸುಮ್ನೆ ದುಡ್ಡು?"

"ಆರು ತಿಂಗಳಿಗೆ ಸೋರಿದ್ರೆ ಇದನ್ನೆಲ್ಲ ಮತ್ತೆ ಬಿಚ್ಚಬೇಕಲ್ವಾ ಅಣ್ಣಾ? ಆ ಪಂಪ್ ತಿರುಗೋದೂ ಇದೇ ಬೆಲ್ಟ್‌ನಲ್ಲಿ."

ಅವರು ನಕ್ಕು ಒಪ್ಪಿದರು.

ಎಡಗಡೆ ಮುಂದಿನ ಚಕ್ರ ಬಿಚ್ಚಿ, ಎಂಜಿನ್ ಕೆಳಗೆ ಮರದ ತುಂಡು ಇಟ್ಟು ಜ್ಯಾಕ್ ಕೊಟ್ಟು, ಎಂಜಿನ್ ಹಿಡಿದಿಡುವ ಆ ಕಡೆಯ ಮೌಂಟ್ ತೆಗೆದರು. ನಿಜವಾದ ಕಾಟ ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ನದು. ಪುಲ್ಲಿ ಹಿಡಿಯುವ ಟೂಲ್ ಹಾಕಿ, ಹ್ಯಾಂಡಲ್‌ಗೆ ಉದ್ದ ಪೈಪ್ ತೂರಿಸಿ, ಇಬ್ಬರೂ ಸೇರಿ ತೂಕ ಬಿಟ್ಟ ಮೇಲೆ 'ಟಕ್' ಅಂತ ಬಿಟ್ಟುಕೊಂಡಿತು.

ಹಳೇ ಬೆಲ್ಟ್ ನೋಡಲು ಚೆನ್ನಾಗೇ ಇತ್ತು. ಮೇಸ್ತ್ರಿ ಅದನ್ನು ಹಿಂದಕ್ಕೆ ಮಡಚಿ ಹಲ್ಲುಗಳ ಸಂದಿ ತೋರಿಸಿದರು. ಕೂದಲೆಳೆಯಂಥ ಬಿರುಕು, ಸಾಲಾಗಿ. ಟೆನ್ಷನರ್‌ನ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಒಳಗೆ ಮರಳು ಸೇರಿದ ಹಾಗೆ ಗರಗರ ಸದ್ದು. ಹೊಸದು ಸದ್ದೇ ಇಲ್ಲದೆ ತಿರುಗಿತು. ಪಂಪಿನ ಕೆಳಗಿನ ಸಣ್ಣ ತೂತಿನ ಹತ್ತಿರ ಕೂಲೆಂಟ್ ಒಣಗಿ ಹಸಿರು ಕಲೆಯಾಗಿತ್ತು, ಅಂದರೆ ಒಳಗಿನ ಸೀಲ್ ಜಿನುಗಲು ಶುರು ಮಾಡಿತ್ತು. ಮೇಸ್ತ್ರಿ ಹೊಸ ಪಂಪ್‌ನ ಡಬ್ಬ ತಾವೇ ಒಡೆದರು. ಸೀಲ್‌ಗಳನ್ನೂ ಬದಲಿಸಿದರು. ಬೆಲ್ಟ್‌ಗೆ ಆಯಿಲ್ ತಾಗಿದರೆ ಹೊಸ ರಬ್ಬರ್ ಕೂಡ ಬೇಗ ಹಾಳಾಗುತ್ತದೆ.

ಕ್ಯಾಮ್ ಮತ್ತು ಕ್ರ್ಯಾಂಕ್ ತಾಳ ತಪ್ಪದಂತೆ ಅವುಗಳ ಗುರುತು ಕೂಡಿಸುವುದಕ್ಕೆ ಮೇಸ್ತ್ರಿ ಅವಸರ ಮಾಡಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕ್ಯಾಮ್ ಪುಲ್ಲಿಯ 'ಅಪ್' ಗುರುತು ಮೇಲಕ್ಕೆ ತಂದು, ಕ್ರ್ಯಾಂಕ್ ಹಲ್ಲಿನ ಗುರುತನ್ನು ಆಯಿಲ್ ಪಂಪ್ ಮೇಲಿನ ಬಾಣಕ್ಕೆ ಸೇರಿಸಿದರು. ಒಂದು ಹಲ್ಲು ಆಚೀಚೆ ಆದರೂ ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಐಡ್ಲಿಂಗ್ ಕೆಡುತ್ತದೆ, ಪಿಕಪ್ ಸಾಯುತ್ತದೆ. ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಐದಾರು ಸುತ್ತು ತಿರುಗಿಸಿದೆವು. ಈ ಎಂಜಿನ್ ಹೆಚ್ಚಿನ ಕಾರುಗಳ ಹಾಗಲ್ಲ, ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಆಮೇಲೆ ಟೆನ್ಷನರ್ ಬೋಲ್ಟ್ ಸಡಿಲಿಸಿ, ಕ್ಯಾಮ್ ಪುಲ್ಲಿ ಮೂರು ಹಲ್ಲು ಸರಿಯುವಷ್ಟು ತಿರುಗಿಸಿ ಬಿಗಿ ಮಾಡಿದರು. ಗುರುತುಗಳನ್ನು ಮತ್ತೆ ನೋಡಿದರು. ಕೆಲಸ ಗೊತ್ತಿದ್ದೂ ಎರಡೆರಡು ಸಲ ನೋಡುವ ಇಂಥವರಿಗೇ ನಾನು ಗಾಡಿ ಕೊಡುವುದು.

ಸಂಜೆ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ ಒಂದೇ ಸಮ. ಕ್ಯಾತ್ಸಂದ್ರದ ತನಕ ಹೋಗಿಬಂದು ಕೆಳಗೆ ಬಗ್ಗಿ ನೋಡಿದೆವು, ಎಲ್ಲೂ ಹನಿ ಇಲ್ಲ. ಮಾರನೇ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್‌ನಲ್ಲಿ ಕೂಲೆಂಟ್ ಸ್ವಲ್ಪ ಇಳಿದಿತ್ತು, ಒಳಗಿದ್ದ ಗಾಳಿ ಹೊರಟಿದ್ದಕ್ಕೆ. ತುಂಬಿಸಿದ ಮೇಲೆ ಮತ್ತೆ ಇಳಿದಿಲ್ಲ. ಈ ಭಾನುವಾರ ದೇವರಾಯನದುರ್ಗದ ತಿರುವುಗಳಲ್ಲಿ ಅದನ್ನು ಮನಸಾರೆ ಓಡಿಸಬೇಕು.